ಸೊನ್ನೆ ಹಾಕಿದರು ಸರಿ, ಆದೇಶ ಎಲ್ಲಿ?

ಪ್ರಶ್ನೆ: ಸರ್, ನಾನು ಚಿತ್ರದುರ್ಗದಲ್ಲಿ ಇತಿಹಾಸ ಎಂ.ಎ. ಓದಿದವಳು. ನಾಲ್ಕನೇ ಸೆಮಿಸ್ಟರ್‌ಗೆ ದುರ್ಗದ ಹೊಂಡಗಳ ಮೇಲೆ ಕಿರು ಸಂಶೋಧನಾ ಪ್ರಬಂಧ ಬರೆದಿದ್ದೆ. ಗೋಪಾಲಸ್ವಾಮಿ ಹೊಂಡ, ಅಕ್ಕ-ತಂಗಿ ಹೊಂಡ, ಸಿಹಿನೀರು ಹೊಂಡ, ಸಂತೆಹೊಂಡ ಎಲ್ಲ ಕಡೆ ಓಡಾಡಿ, ಅಳತೆ ತೆಗೆದು, ಫೋಟೊ ಹಿಡಿದು, ಸಿಕ್ಕ ಶಾಸನಗಳ ಪಾಠ ಹಾಕಿ ಬರೆದದ್ದು. ವೈವಾ ಚೆನ್ನಾಗಿಯೇ ಆಯಿತು. ರಿಸಲ್ಟ್ ನೋಡಿದರೆ ಪ್ರಬಂಧಕ್ಕೆ ಸೊನ್ನೆ, ಫಲಿತಾಂಶ ಫೇಲ್. ವಿಭಾಗಕ್ಕೆ ಹೋಗಿ ಕೇಳಿದೆ. "ಕಾಪಿ ಬಂದಿದೆಯಮ್ಮ, 46 ಪರ್ಸೆಂಟ್" ಅಂದರು. ರಿಪೋರ್ಟ್ ಕೈಗೆ ಕೊಡಲಿಲ್ಲ. ಕಂಪ್ಯೂಟರ್‌ನಲ್ಲಿ ಒಂದು ಪುಟ ತೋರಿಸಿದರು. ಅದರಲ್ಲಿ ಕೆಂಪು ಬಣ್ಣ ಬಳಿದಿದ್ದದ್ದು ನಾನು ಉದ್ಧರಿಸಿದ ಶಾಸನದ ಸಾಲುಗಳಿಗೆ. ಗೈಡ್ ಮೇಷ್ಟ್ರು "ಸುಮ್ನೆ ಇರು, ಮುಂದಿನ ವರ್ಷ ಮತ್ತೆ ಕೊಟ್ಟರಾಯ್ತು" ಅಂತಾರೆ. ಅಪ್ಪ "ದೊಡ್ಡವರೊಬ್ಬರು ಗೊತ್ತು, ಒಂದು ಮಾತು ಹೇಳಿಸೋಣ" ಅಂತಿದ್ದಾರೆ. ಅತಿಥಿ ಉಪನ್ಯಾಸಕಿ ಕೆಲಸಕ್ಕೆ ಅರ್ಜಿ ಹಾಕಬೇಕು ಅಂದುಕೊಂಡಿದ್ದೆ. ಏನು ಮಾಡಲಿ?
— ಹೆಸರು ಬೇಡ, ಹೊಳಲ್ಕೆರೆ ತಾಲೂಕು

ಉತ್ತರ: ಮೊದಲು ಅಪ್ಪನಿಗೆ ಹೇಳಿ, ಯಾರ ಕೈಯಿಂದಲೂ ಹೇಳಿಸುವುದು ಬೇಡ. ಪರೀಕ್ಷಾ ವಿಭಾಗದ ಕುರ್ಚಿಯಲ್ಲಿ ಕೂತು ನಿವೃತ್ತನಾದವನು ನಾನು, ಇಂಥ ಫೋನುಗಳನ್ನು ಬೇಕಾದಷ್ಟು ಕೇಳಿದ್ದೇನೆ. ಫೋನ್ ಬಂದ ಕೂಡಲೇ ಫೈಲ್ ಅಲ್ಲೇ ನಿಲ್ಲುತ್ತದೆ. ಸಹಿ ಹಾಕಬೇಕಾದವರು "ನಾನ್ಯಾಕೆ ಮೈಮೇಲೆ ಎಳ್ಕೊಳ್ಳಲಿ" ಅಂತ ಪಕ್ಕದ ಟೇಬಲ್‌ಗೆ ತಳ್ಳುತ್ತಾರೆ. ನಿಮ್ಮ ಕಡೆ ನ್ಯಾಯ ಇದ್ದರೂ ಆಮೇಲೆ ಅದು ಶಿಫಾರಸಿನ ಕೇಸ್ ಅಂತಲೇ ಹೆಸರಾಗುತ್ತದೆ.

ಎರಡನೆಯದು, ನೀವು ಕಾಪಿ ಮಾಡಿಲ್ಲ ಅಂತ ಈಗಲೇ ಯಾರ ಮುಂದೆಯೂ ವಾದಿಸಲು ಹೋಗಬೇಡಿ. ಯಾಕೆ ಗೊತ್ತಾ? ನೀವು ಕಾಪಿ ಮಾಡಿದ್ದೀರಿ ಅಂತ ಯಾರೂ ಇನ್ನೂ ಬರೆದುಕೊಟ್ಟಿಲ್ಲ. ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಅದರಲ್ಲಿ ನೋಟಿಸ್ ಇಲ್ಲ, ವಿಚಾರಣೆ ಇಲ್ಲ, ಆದೇಶವೂ ಇಲ್ಲ. ಇರುವುದು ಒಂದು ಮಾತು, ಒಂದು ಕಂಪ್ಯೂಟರ್ ಪರದೆ, ಒಂದು ಸೊನ್ನೆ. ಆರೋಪ ಕಾಗದದ ಮೇಲೆ ಬರುವವರೆಗೆ ನೀವು ಉತ್ತರ ಕೊಡುವುದು ಯಾವುದಕ್ಕೆ?

ಈಗ ನಿಯಮ ನೋಡೋಣ. ಕೃತಿಚೌರ್ಯದ ಬಗ್ಗೆ ಯುಜಿಸಿ, ಅಂದರೆ ವಿಶ್ವವಿದ್ಯಾಲಯ ಧನಸಹಾಯ ಆಯೋಗ, 2018ರಲ್ಲಿ ನಿಯಮಾವಳಿ ತಂದಿದೆ. ಅದರಲ್ಲಿ ನಾಲ್ಕು ಹಂತಗಳಿವೆ. ಬೇರೆ ಬರಹಗಳ ಜೊತೆ ನಿಮ್ಮ ಬರಹದ ಹೋಲಿಕೆ ಶೇ. 10ರವರೆಗೆ ಇದ್ದರೆ ದಂಡನೆಯೇ ಇಲ್ಲ. 10 ದಾಟಿ 40ರವರೆಗೆ ಇದ್ದರೆ ತಿದ್ದಿ ಮತ್ತೆ ಕೊಡಬೇಕು, ಅದಕ್ಕೆ 6 ತಿಂಗಳು ಮೀರದ ಗಡುವು. 40 ದಾಟಿ 60ರವರೆಗೆ ಇದ್ದರೆ ಒಂದು ವರ್ಷ ತಿದ್ದಿದ ಪ್ರಬಂಧ ಕೊಡುವಂತಿಲ್ಲ. 60 ದಾಟಿದರೆ ಕೋರ್ಸಿನ ನೋಂದಣಿಯೇ ರದ್ದು. ನಿಮಗೆ 46 ಅಂದಿದ್ದಾರೆ. ಗೈಡ್ ಮೇಷ್ಟ್ರು "ಮುಂದಿನ ವರ್ಷ" ಅಂದದ್ದು ಈ ಮೂರನೇ ಸಾಲು ನೋಡಿಯೇ ಇರಬೇಕು. ಆದರೆ ಆ ಸಾಲಿನಲ್ಲಿ "ಸೊನ್ನೆ ಕೊಟ್ಟು ಫೇಲ್ ಮಾಡಿ" ಅಂತ ಇಲ್ಲ.

ಆ ಸಾಲಿಗೆ ತಲುಪಲು ದಾರಿಯೂ ಇದೆ. ಮೊದಲು ವಿಭಾಗದ ಮಟ್ಟದಲ್ಲಿ ಒಂದು ಸಮಿತಿ. ವಿಭಾಗದ ಮುಖ್ಯಸ್ಥರು ಅದರ ಅಧ್ಯಕ್ಷರು, ಬೇರೆ ವಿಭಾಗದ ಒಬ್ಬ ಹಿರಿಯ ಅಧ್ಯಾಪಕರು, ಹೋಲಿಕೆ ಹುಡುಕುವ ತಂತ್ರಾಂಶಗಳನ್ನು ಬಲ್ಲವರೊಬ್ಬರು. ದೂರು ಬಂದ 45 ದಿನದೊಳಗೆ ಇವರು ಮೇಲಿನ ಸಮಿತಿಗೆ ವರದಿ ಕೊಡಬೇಕು. ಮೇಲಿನದು ಸಂಸ್ಥೆಯ ಮಟ್ಟದ ಸಮಿತಿ. ಅದರಲ್ಲಿ ಹೊರಗಿನ ಸಂಸ್ಥೆಯವರೊಬ್ಬರು ಇರಲೇಬೇಕು. ಅದಕ್ಕೂ 45 ದಿನ. ಎರಡೂ ಕಡೆ ಸಹಜ ನ್ಯಾಯ ಪಾಲಿಸಬೇಕು. ಅಂದರೆ ನಿಮ್ಮನ್ನು ಕರೆದು ಕೇಳಬೇಕು. ಕೊನೆಗೆ ವರದಿಯ ಪ್ರತಿಯನ್ನು ಆರೋಪ ಹೊತ್ತವರಿಗೆ ಕೊಡಬೇಕು ಅಂತಲೂ ಬರೆದಿದೆ. ತಪ್ಪು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತಾಗಿ, ಮೇಲ್ಮನವಿಯ ದಾರಿಗಳೆಲ್ಲ ಮುಗಿದು, ತನ್ನ ಪರ ಹೇಳಿಕೊಳ್ಳಲು ಸಾಕಷ್ಟು ಅವಕಾಶ ಸಿಕ್ಕ ಮೇಲೆಯೇ ದಂಡನೆ ಅನ್ನುವ ಮಾತು ಆ ನಿಯಮಾವಳಿಯಲ್ಲಿದೆ. ನಿಮ್ಮ ವಿಷಯದಲ್ಲಿ ದಂಡನೆ ಮೊದಲು ಬಂದಿದೆ, ಮಿಕ್ಕದ್ದು ಬಂದೇ ಇಲ್ಲ.

ಇಲ್ಲೊಂದು ತೊಡಕಿದೆ, ಹೇಳಿಬಿಡುತ್ತೇನೆ. ಈ ನಿಯಮಾವಳಿ ಎಂ.ಎ.ಯ ಪ್ರಬಂಧ, ಪಿಎಚ್.ಡಿ. ಪ್ರಬಂಧಗಳಿಗೆ ಅನ್ವಯ. ಅಸೈನ್‌ಮೆಂಟ್, ಪ್ರಾಜೆಕ್ಟ್ ರಿಪೋರ್ಟ್, ಉತ್ತರ ಪತ್ರಿಕೆಗಳನ್ನು ಅದೇ ನಿಯಮ ಹೊರಗಿಟ್ಟಿದೆ. ನಿಮ್ಮ ಸಿಲಬಸ್ ತೆಗೆದು ನೋಡಿ. ಅಲ್ಲಿ ನಿಮ್ಮ ಕೆಲಸವನ್ನು "ಸಂಶೋಧನಾ ಪ್ರಬಂಧ" ಅಂತ ಕರೆದಿದ್ದಾರೋ, "ಪ್ರಾಜೆಕ್ಟ್ ವರದಿ" ಅಂತಲೋ? ಪ್ರಾಜೆಕ್ಟ್ ಅಂತಿದ್ದರೆ ಯುಜಿಸಿಯ ಪರ್ಸೆಂಟ್ ಲೆಕ್ಕ ನಿಮ್ಮ ರಕ್ಷಣೆಗೆ ಬರುವುದಿಲ್ಲ. ಆದರೆ ಅದೇ ಪರ್ಸೆಂಟ್ ಹಿಡಿದು ನಿಮ್ಮನ್ನು ಹೊಡೆಯಲೂ ಬರುವುದಿಲ್ಲ. ಆಗ ಅವರು ವಿಶ್ವವಿದ್ಯಾಲಯದ ಯಾವ ನಿಯಮದ ಕೆಳಗೆ ಸೊನ್ನೆ ಕೊಟ್ಟರು ಅಂತ ತೋರಿಸಬೇಕಾಗುತ್ತದೆ.

ಇನ್ನು 46ರ ಮಾತು. ನನಗೆ ಎಲ್ಲಕ್ಕಿಂತ ಜಾಸ್ತಿ ಕುತೂಹಲ ಇರುವುದು ಇಲ್ಲೇ. ಶಾಸನದ ಪಾಠವನ್ನು ನೀವು ನಿಮ್ಮ ಮಾತಲ್ಲಿ ಬರೆಯಲು ಆಗುತ್ತದಾ? "ಸ್ವಸ್ತಿ ಶ್ರೀ" ಅಂತ ಕಲ್ಲಿನ ಮೇಲೆ ಇದ್ದರೆ ಪ್ರಬಂಧದಲ್ಲೂ "ಸ್ವಸ್ತಿ ಶ್ರೀ" ಅಂತಲೇ ಇರಬೇಕು. ಎಪಿಗ್ರಾಫಿಯಾ ಕರ್ನಾಟಿಕಾ ಅನ್ನುವ ಶಾಸನ ಸಂಪುಟಗಳ ಮಾಲೆಯಲ್ಲಿ ಹನ್ನೊಂದನೇ ಸಂಪುಟ ಹಳೆಯ ಚಿತ್ರದುರ್ಗ ಜಿಲ್ಲೆಯ ಶಾಸನಗಳದ್ದು. ಅದರಿಂದ ಪಾಠ ತೆಗೆದುಕೊಂಡವರೆಲ್ಲರ ಪ್ರಬಂಧದಲ್ಲೂ ಅದೇ ಸಾಲು ಇರುತ್ತದೆ. ಯಂತ್ರಕ್ಕೆ ಅದು ಹೋಲಿಕೆ. ಮನುಷ್ಯರಿಗೆ ಅದು ಉದ್ಧರಣೆ. ಹೋಲಿಕೆ ಎಣಿಸುವಾಗ ಮೂಲ ಹೇಳಿ ಉದ್ಧರಿಸಿದ್ದನ್ನು ಬಿಡಬೇಕು, ಗ್ರಂಥಸೂಚಿ, ಪರಿವಿಡಿ, ಮುನ್ನುಡಿ, ಕೃತಜ್ಞತೆ ಬಿಡಬೇಕು, ಎಲ್ಲರಿಗೂ ಗೊತ್ತಿರುವ ಮಾತು ಅಥವಾ ಕಾಕತಾಳೀಯವಾಗಿ ಹೊಂದುವ ಮಾತು ಒಟ್ಟಿಗೆ 14 ಪದದವರೆಗೆ ಇದ್ದರೆ ಬಿಡಬೇಕು ಅಂತ 2018ರ ನಿಯಮವೇ ಹೇಳುತ್ತದೆ. ಇದನ್ನೆಲ್ಲ ಬಿಟ್ಟು 46 ಬಂತೋ, ಬಿಡದೆ ಬಂತೋ? ತಂತ್ರಾಂಶದಲ್ಲಿ ಇದಕ್ಕೆಲ್ಲ ಗುಂಡಿಗಳಿರುತ್ತವೆ. ಉದ್ಧರಣೆ ಬಿಡು, ಗ್ರಂಥಸೂಚಿ ಬಿಡು ಅಂತ ಟಿಕ್ ಹಾಕಬೇಕು. ಹಾಕಿದವರು ಯಾರು, ಹಾಕಿದರಾ ಇಲ್ಲವಾ ಅನ್ನುವುದು ರಿಪೋರ್ಟಿನಲ್ಲೇ ಗೊತ್ತಾಗುತ್ತದೆ. ಅದಕ್ಕೇ ಪೂರ್ತಿ ರಿಪೋರ್ಟ್ ಕೈಗೆ ಬೇಕು. ಪರದೆಯ ಮೇಲಿನ ಒಂದು ಪುಟ ಸಾಲದು.

ಇನ್ನೊಂದನ್ನು ವಿಚಾರಿಸಿ. ನಿಮ್ಮ ಪ್ರಬಂಧ ಟೈಪ್ ಆದದ್ದು ಎಲ್ಲಿ? ಡಿ.ಟಿ.ಪಿ. ಅಂಗಡಿಯಲ್ಲಿ ತಾನೇ? ಅಲ್ಲಿ ಇವತ್ತಿಗೂ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡುವವರಿದ್ದಾರೆ. ಕಾಗದದ ಮೇಲೆ ಅಚ್ಚುಕಟ್ಟಾದ ಕನ್ನಡ. ಎಲ್ಲ ಕಂಪ್ಯೂಟರ್‌ಗಳೂ ಕನ್ನಡ ಅಂತ ಗುರುತಿಸುವ ಯುನಿಕೋಡ್‌ಗೆ ಬದಲಿಸದೆ ಹಾಗೇ ಹಾಕಿದರೆ ಯಂತ್ರದ ಕಣ್ಣಿಗೆ ಅದು ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಕಲಸಿಟ್ಟ ಚಿತ್ರಾನ್ನ. ತಪಾಸಣೆಗೆ ಹಾಕಿದ್ದು ಯಾವ ಫೈಲ್, ಯುನಿಕೋಡ್‌ಗೆ ಯಾರು ಬದಲಿಸಿದರು, ಬದಲಿಸಿದ ಮೇಲೆ ಯಾರಾದರೂ ಓದಿ ನೋಡಿದರಾ ಅಂತ ಕೇಳಿ.

ಡಿ.ಟಿ.ಪಿ. ಅಂಗಡಿಗೆ ನೀವೇ ಒಮ್ಮೆ ಹೋಗಿ ಬನ್ನಿ. ಎರಡು ಕೆಲಸ ಇದೆ. ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಫೈಲುಗಳು ಇನ್ನೂ ಇರುತ್ತವೆ, ತಾರೀಕು ಸಮೇತ. ಅಧ್ಯಾಯ ಒಂದು, ಅಧ್ಯಾಯ ಒಂದು ತಿದ್ದಿದ್ದು, ಫೈನಲ್, ಫೈನಲ್ ಎರಡು ಅಂತ ಇಟ್ಟಿರುತ್ತಾರೆ. ಎಲ್ಲವನ್ನೂ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಇನ್ನೊಂದು, ಮೊದಲ ಅಧ್ಯಾಯದ ಜಿಲ್ಲಾ ಪರಿಚಯವನ್ನು ಸಾಲು ಸಾಲಾಗಿ ನೋಡಿ. ಮುಚ್ಚುಮರೆ ಯಾಕೆ, ನಮ್ಮ ಕಡೆಯ ಪ್ರಬಂಧಗಳಲ್ಲಿ ಆ ಹತ್ತು ಪುಟ ಬ್ಯಾಚಿನಿಂದ ಬ್ಯಾಚಿಗೆ ಹರಿದು ಬರುತ್ತದೆ. ವೇದಾವತಿ ನದಿ, ಮಾರಿಕಣಿವೆ, 1933ರ ಮೇಲೆ 2022ರಲ್ಲಿ ವಾಣಿವಿಲಾಸ ಸಾಗರ ಕೋಡಿ ಬಿದ್ದದ್ದು, ಜಿಲ್ಲೆಯ ಮಳೆ, ಮಣ್ಣು. ಸೀನಿಯರ್ ಪ್ರಬಂಧದಿಂದ ಅಂಗಡಿಯವರೇ ಅಂಟಿಸಿಕೊಟ್ಟಿರುವ ಉದಾಹರಣೆಯೂ ನನಗೆ ಗೊತ್ತು. ನಿಮ್ಮಲ್ಲಿ ಹಾಗೆ ಮೂರ್ನಾಲ್ಕು ಪುಟ ಮೂಲ ಹೇಳದೆ ಬಂದಿದ್ದರೆ ಈಗಲೇ ಗುರುತು ಹಾಕಿಕೊಳ್ಳಿ. ವಿಚಾರಣೆಯಲ್ಲಿ ಅವರು ತೋರಿಸುವ ಮುಂಚೆ ನೀವೇ ಹೇಳಿ. "ಇಷ್ಟು ಪುಟಕ್ಕೆ ಆಕರ ಕೊಡಬೇಕಿತ್ತು, ಕೊಟ್ಟಿಲ್ಲ, ತಿದ್ದುತ್ತೇನೆ. ಮಿಕ್ಕ ಕೆಂಪು ಎಲ್ಲ ಶಾಸನಪಾಠ ಮತ್ತು ಗ್ರಂಥಸೂಚಿ." ಇಷ್ಟು ಹೇಳಿದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ಲೆಕ್ಕ 40ರ ಕೆಳಗೆ ಇಳಿದರೆ ಕೇಸೇ ಬೇರೆ. ಆಗ ತಿದ್ದಿ ಕೊಡುವುದು ಮಾತ್ರ, ವರ್ಷ ಹಾಳಾಗುವುದಿಲ್ಲ. "ಒಂದಕ್ಷರವೂ ಕಾಪಿ ಇಲ್ಲ" ಅಂತ ಗಟ್ಟಿಯಾಗಿ ಹೇಳಿ, ಆಮೇಲೆ ಒಂದು ಪುಟ ಸಿಕ್ಕಿಬಿದ್ದರೆ ಹೊಂಡಗಳ ಅಳತೆಯನ್ನೂ ಯಾರೂ ನಂಬುವುದಿಲ್ಲ.

ಆ ಅಳತೆಗಳೇ ನಿಮ್ಮ ದೊಡ್ಡ ಆಸ್ತಿ. ಟೇಪ್ ಹಿಡಿದು ಬರೆದುಕೊಂಡ ನೋಟ್ ಬುಕ್, ಗೈಡ್ ಮೇಷ್ಟ್ರು ಕೆಂಪು ಶಾಯಿಯಲ್ಲಿ ತಿದ್ದಿದ ಹಾಳೆಗಳು, ಮೊಬೈಲಿನ ಮೂಲ ಫೋಟೊಗಳು. ವಾಟ್ಸಾಪ್‌ನಲ್ಲಿ ಕಳಿಸಿದ ಫೋಟೊ ಬೇಡ. ಮೂಲ ಫೈಲಿನಲ್ಲಿ ತಾರೀಕು, ಸಮಯ ಉಳಿದಿರುತ್ತದೆ. ಇದನ್ನೆಲ್ಲ ಒಂದು ಫೈಲಿಗೆ ಹಾಕಿ, ಪುಟಸಂಖ್ಯೆ ಬರೆದು, ಜೆರಾಕ್ಸ್ ಮಾಡಿಸಿ. ಮೂಲ ಯಾರ ಕೈಗೂ ಕೊಡಬೇಡಿ, ತೋರಿಸಿ ಅಷ್ಟೆ.

ಗೈಡ್ ಮೇಷ್ಟ್ರ ಮೇಲೆ ಸಿಟ್ಟಾಗಬೇಡಿ. ಅವರು ಸುಮ್ನಿರು ಅಂದದ್ದಕ್ಕೆ ಕಾರಣ ಇದೆ. ಈ ಪ್ರಬಂಧ ಕೃತಿಚೌರ್ಯದಿಂದ ಮುಕ್ತ ಅಂತ ಮಾರ್ಗದರ್ಶಕರು ಪ್ರಮಾಣಪತ್ರ ಕೊಡಬೇಕು ಅನ್ನುವುದು ನಿಯಮ. ಅವರ ಸಹಿ ಮುಂದೆಯೇ ಇರುತ್ತದೆ. ವಿಚಾರಣೆ ಅಂತಾದರೆ ಅವರನ್ನೂ ಕೇಳುತ್ತಾರೆ. ಮನೆಗೋ ವಿಭಾಗಕ್ಕೋ ಹೋಗಿ "ಸರ್, ನಿಮ್ಮ ವಿರುದ್ಧ ಅಲ್ಲ, ರಿಪೋರ್ಟ್ ಕೇಳ್ತಾ ಇದ್ದೀನಿ" ಅಂತ ಮೊದಲೇ ಹೇಳಿಬಿಡಿ. ಅವರು ಬರೆದ ತಿದ್ದುಪಡಿಗಳೇ ನಿಮ್ಮ ಸಾಕ್ಷಿ ಅಲ್ವಾ?

ಈಗ ಅರ್ಜಿ. ಒಂದೇ ಪುಟ. ನಿಮ್ಮ ಕಷ್ಟ, ಅಪ್ಪನ ಸಾಲ, ಓದಿದ ರೀತಿ ಇದ್ಯಾವುದೂ ಬೇಡ. ಹೀಗೆ ಬರೆಯಿರಿ: "ನನ್ನ ಕಿರು ಸಂಶೋಧನಾ ಪ್ರಬಂಧಕ್ಕೆ ಸೊನ್ನೆ ಅಂಕ ನೀಡಲಾಗಿದೆ. ಕಾರಣ ಕೃತಿಚೌರ್ಯ ಎಂದು ಬಾಯಿಮಾತಿನಲ್ಲಿ ತಿಳಿಸಿದ್ದಾರೆ. ನನಗೆ ನೋಟಿಸ್ ಬಂದಿಲ್ಲ, ವಿವರಣೆ ಕೊಡಲು ಅವಕಾಶ ಸಿಕ್ಕಿಲ್ಲ. ದಯವಿಟ್ಟು ಹೋಲಿಕೆ ತಪಾಸಣೆಯ ಪೂರ್ಣ ವರದಿ, ಸಮಿತಿಯ ನಡಾವಳಿ ಮತ್ತು ಆದೇಶದ ಪ್ರತಿ ಕೊಡಿಸಿ. ನನ್ನನ್ನು ವಿಚಾರಣೆಗೆ ಕರೆಯಿರಿ. ಅಲ್ಲಿಯವರೆಗೆ ಫಲಿತಾಂಶವನ್ನು ತಡೆಹಿಡಿದಿದೆ ಎಂದು ತೋರಿಸಿ, ಅನುತ್ತೀರ್ಣ ಎಂದು ತೋರಿಸಬೇಡಿ." ವಿಭಾಗದ ಮುಖ್ಯಸ್ಥರಿಗೆ ಒಂದು, ಮೌಲ್ಯಮಾಪನ ಕುಲಸಚಿವರಿಗೆ ಒಂದು. ಕೈಯಲ್ಲಿ ಕೊಟ್ಟರೆ ಟಪಾಲು ವಿಭಾಗದಲ್ಲೇ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲ್, ತಾರೀಕು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಹೊರಗೆ ಬನ್ನಿ. "ಇಟ್ಟು ಹೋಗಮ್ಮ, ಸಾಹೇಬರು ನೋಡ್ತಾರೆ" ಅಂದರೆ ಇಡಬೇಡಿ. ಅಂಚೆ ಕಚೇರಿಗೆ ಹೋಗಿ ಸ್ಪೀಡ್ ಪೋಸ್ಟ್ ಮಾಡಿ. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಅದರಲ್ಲೇ ಸೇರಿಹೋಗಿದೆ, ಹಳೆಯ ಅಭ್ಯಾಸದವರಿಗೆ ಗೊತ್ತಿರಲಿ ಅಂತ ಹೇಳಿದೆ.

ಉತ್ತರ ಬರಲಿಲ್ಲ ಅಂದುಕೊಳ್ಳಿ. ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿದ್ಯಾರ್ಥಿಗಳ ಕುಂದುಕೊರತೆ ನಿವಾರಣೆಗೆ ಹೊಸ ನಿಯಮ ತಂದಿದೆ. ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ನಿವಾರಣಾ ಸಮಿತಿ ಇರಬೇಕು. ಮೌಲ್ಯಮಾಪನದಲ್ಲಿ ಪಾರದರ್ಶಕತೆ ಇಲ್ಲದಿದ್ದರೆ, ಅನ್ಯಾಯದ ಪದ್ಧತಿ ಇದ್ದರೆ ಅದೂ ಕುಂದುಕೊರತೆಯೇ. ಸಮಿತಿ 15 ಕೆಲಸದ ದಿನಗಳೊಳಗೆ ವರದಿ ಕೊಡಬೇಕು. ಅದರ ತೀರ್ಮಾನ ಒಪ್ಪಿಗೆಯಾಗದಿದ್ದರೆ, ಕೈಗೆ ಸಿಕ್ಕ 15 ದಿನದೊಳಗೆ ವಿಶ್ವವಿದ್ಯಾಲಯದಲ್ಲಿ ಇಂಥ ದೂರುಗಳ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ. ನಿವೃತ್ತ ಕುಲಪತಿಯೋ, ನಿವೃತ್ತ ಪ್ರಾಧ್ಯಾಪಕರೋ, ಮಾಜಿ ಜಿಲ್ಲಾ ನ್ಯಾಯಾಧೀಶರೋ ಆ ಜಾಗದಲ್ಲಿರುತ್ತಾರೆ. ಅವರಿಗೆ 30 ದಿನದ ಗಡುವು.

ಇಲ್ಲಿ ಬಹಳ ಮಂದಿ ಎಡವುತ್ತಾರೆ. "ನನ್ನ ಪ್ರಬಂಧಕ್ಕೆ ಮರುಮೌಲ್ಯಮಾಪನ ಮಾಡಿಸಿ" ಅಂತ ಬರೆಯುತ್ತಾರೆ. ಉತ್ತರ ಪತ್ರಿಕೆಯ ಮರುಮೌಲ್ಯಮಾಪನದ ಅರ್ಜಿಯನ್ನು ಓಂಬುಡ್ಸ್‌ಪರ್ಸನ್ ತೆಗೆದುಕೊಳ್ಳುವಂತಿಲ್ಲ. ಫಲಿತಾಂಶವನ್ನೇ ಬದಲಿಸುವಂಥ ನಿರ್ದಿಷ್ಟ ಲೋಪವನ್ನೋ ತಾರತಮ್ಯವನ್ನೋ ತೋರಿಸಿದರೆ ಮಾತ್ರ ತೆಗೆದುಕೊಳ್ಳುತ್ತಾರೆ. ನಿಮ್ಮಲ್ಲಿ ಆ ಲೋಪ ಇದೆ, ಅದನ್ನೇ ಬರೆಯಿರಿ. ಅಂಕ ಕಡಿಮೆಯಾಯಿತು ಅನ್ನುವುದು ನಿಮ್ಮ ದೂರಲ್ಲ. ಕೇಳದೆ ಶಿಕ್ಷೆ ಕೊಟ್ಟರು ಅನ್ನುವುದು ನಿಮ್ಮ ದೂರು.

ರಿಪೋರ್ಟ್ ಕೊಡದೆ ಸತಾಯಿಸಿದರೆ ಮಾಹಿತಿ ಹಕ್ಕಿನ ಅರ್ಜಿ ಜೊತೆಯಲ್ಲೇ ಹಾಕಿ. 10 ರೂಪಾಯಿ ಪೋಸ್ಟಲ್ ಆರ್ಡರ್ ಸಾಕು, 30 ದಿನದಲ್ಲಿ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಸಾಮಾನ್ಯವಾಗಿ 150 ಪದ ಮೀರಬಾರದು. ಪುರಾಣ ಬರೆದರೆ ಅದೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಪರೀಕ್ಷೆ ಬರೆದವರಿಗೆ ತಮ್ಮ ಉತ್ತರ ಪತ್ರಿಕೆ ನೋಡುವ ಹಕ್ಕಿದೆ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಿಮ್ಮದೇ ಪ್ರಬಂಧದ ತಪಾಸಣಾ ವರದಿಯನ್ನು ನಿಮ್ಮಿಂದಲೇ ಮುಚ್ಚಿಡಲು ಸಕಾರಣ ಕೊಡುವುದು ಕಷ್ಟ.

ಹೈಕೋರ್ಟ್ ಕೊನೆಯ ಮೆಟ್ಟಿಲು. ಚಿತ್ರದುರ್ಗ, ದಾವಣಗೆರೆಯವರು ಬೆಂಗಳೂರಿಗೇ ಹೋಗಬೇಕು, ಧಾರವಾಡ ಪೀಠಕ್ಕೆ ನಾವು ಬರುವುದಿಲ್ಲ. ಕೆಳಗಿನ ಮೆಟ್ಟಿಲು ಹತ್ತದೆ ನೇರ ಅಲ್ಲಿಗೆ ಹೋದರೆ ಮೊದಲು ಕೇಳುವ ಪ್ರಶ್ನೆಯೇ "ಸಮಿತಿಗೆ ಅರ್ಜಿ ಕೊಟ್ಟಿದ್ದೀರಾ" ಅಂತ. ಆಗ ಆ ಇನ್‌ವರ್ಡ್ ನಂಬರ್ ಬೇಕಾಗುತ್ತದೆ.

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಬಿಸಿಎ ಓದುತ್ತಿದ್ದೇನೆ. ಇಂಟರ್ನಲ್ ಅಸೈನ್‌ಮೆಂಟ್ ಇಂಗ್ಲಿಷಿನಲ್ಲಿ ನಾನೇ ಬರೆದೆ. ವ್ಯಾಕರಣ ಸರಿ ಮಾಡಲು ಗ್ರಾಮರ್ಲಿ ಮಾತ್ರ ಬಳಸಿದೆ. ಮೇಡಂ ಯಾವುದೋ ಫ್ರೀ ವೆಬ್‌ಸೈಟಿಗೆ ಹಾಕಿ "82 ಪರ್ಸೆಂಟ್ ಎಐ" ಅಂತ ತೋರಿಸಿ ಸೊನ್ನೆ ಕೊಟ್ಟರು. ಕ್ಲಾಸಿನಲ್ಲಿ ಎಲ್ಲರೂ ನಕ್ಕರು. ಮೇಲಿನವರಿಗೆ ದೂರು ಕೊಡಲಾ?
— ಒಬ್ಬ ವಿದ್ಯಾರ್ಥಿ

ಉತ್ತರ: ಕೊಡುವ ಮುಂಚೆ ನನಗೊಂದು ಹೇಳಪ್ಪ. ಆ ಅಸೈನ್‌ಮೆಂಟಿನ ಮೂರನೇ ಪುಟದಲ್ಲಿ ಬರೆದದ್ದನ್ನು ಈಗ ಪುಸ್ತಕ ಮುಚ್ಚಿ ಕನ್ನಡದಲ್ಲಿ ವಿವರಿಸಲು ಆಗುತ್ತದಾ? ಆಗುತ್ತದೆ ಅಂದರೆ ಮುಂದೆ ಓದು.

ಹೋಲಿಕೆ ರಿಪೋರ್ಟ್ ಬೇರೆ, ಎಐ ರಿಪೋರ್ಟ್ ಬೇರೆ. ಮೊದಲನೆಯದು "ಈ ಸಾಲು ಆ ಪುಸ್ತಕದಲ್ಲಿದೆ" ಅಂತ ಮೂಲವನ್ನು ತೋರಿಸುತ್ತದೆ. ಎರಡೂ ಪಕ್ಕದಲ್ಲಿಟ್ಟು ಯಾರು ಬೇಕಾದರೂ ನೋಡಬಹುದು. ಎಐ ರಿಪೋರ್ಟ್ ತೋರಿಸುವ ಮೂಲ ಯಾವುದೂ ಇಲ್ಲ. ವಾಕ್ಯದ ನಡೆ ನೋಡಿ ಊಹೆ ಮಾಡುತ್ತದೆ ಅಷ್ಟೆ. ಚಾಟ್‌ಜಿಪಿಟಿ ತಂದ ಓಪನ್‌ಎಐ ಕಂಪನಿಯೇ ಇಂಥದ್ದೊಂದು ಪತ್ತೆ ಸಾಧನ ಬಿಟ್ಟು, ನಿಖರತೆ ಸಾಲದು ಅಂತ 2023ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ಅದೇ ವರ್ಷ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಅನ್ನುವ ಇಂಗ್ಲಿಷ್ ಭಾಷಾ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಇಂಥ ಏಳು ಸಾಧನಗಳಿಗೆ ಹಾಕಿ ನೋಡಿದರು. ಸರಾಸರಿ ಶೇ. 61ರಷ್ಟನ್ನು ಯಂತ್ರ ಬರೆದದ್ದು ಅಂತ ತಪ್ಪಾಗಿ ಗುರುತಿಸಿದವು. ಸರಳ ಪದ, ಒಂದೇ ತರಹದ ವಾಕ್ಯ ಇದ್ದರೆ ಅವಕ್ಕೆ ಅನುಮಾನ ಜಾಸ್ತಿ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ನಮ್ಮ ಹುಡುಗರ ಇಂಗ್ಲಿಷ್ ಇರುವುದೇ ಹಾಗೆ. ಇದನ್ನು ಮೇಡಂಗೆ ಮರ್ಯಾದೆಯಿಂದಲೇ ಹೇಳಬಹುದು.

ಆದರೆ ಗ್ರಾಮರ್ಲಿ "ಮಾತ್ರ" ಅಂದೆಯಲ್ಲ, ಆ ಮಾತನ್ನು ಸ್ವಲ್ಪ ಬಿಡಿಸು. ಕಾಗುಣಿತ ತಿದ್ದಿಸಿಕೊಂಡೆಯೋ, ಪ್ಯಾರಾನೇ ಬೇರೆ ರೀತಿ ಬರೆದುಕೊಡು ಅಂದೆಯೋ? ಈಗ ಅದರಲ್ಲಿ ಎರಡೂ ಆಗುತ್ತದೆ. ಎರಡನೆಯದಾಗಿದ್ದರೆ ಮೇಡಂ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ. ಅಸೈನ್‌ಮೆಂಟ್ ಕೊಡುವಾಗ ಏನು ಬಳಸಬಹುದು, ಏನು ಬಳಸಬಾರದು ಅಂತ ಹೇಳಿದ್ದರಾ ಅನ್ನುವುದರ ಮೇಲೆ ಮುಂದಿನದು.

ಯುಜಿಸಿಯ 2018ರ ನಿಯಮ ಅಸೈನ್‌ಮೆಂಟ್‌ಗೆ ಬರುವುದಿಲ್ಲ, ಅದನ್ನು ಹಿಡಿದು ಹೋಗಬೇಡ. ಗೂಗಲ್ ಡಾಕ್ಸ್‌ನಲ್ಲಿ ಬರೆದಿದ್ದರೆ ಅದರ ವರ್ಷನ್ ಹಿಸ್ಟರಿ ತೆಗೆದು ತೋರಿಸು. ಯಾವ ಹೊತ್ತಿಗೆ ಯಾವ ಸಾಲು ಬಂತು, ಯಾವುದನ್ನು ಅಳಿಸಿದೆ ಎಲ್ಲ ಅಲ್ಲಿರುತ್ತದೆ. ಆಮೇಲೆ "ಮೇಡಂ, ಹತ್ತು ನಿಮಿಷ ಪ್ರಶ್ನೆ ಕೇಳಿ, ಇಲ್ಲವೇ ನಿಮ್ಮೆದುರೇ ಕೂತು ಒಂದು ಪುಟ ಬರೆದು ತೋರಿಸುತ್ತೇನೆ" ಅನ್ನು. ಎಲ್ಲರ ಮುಂದೆ ಬೇಡ, ಸ್ಟಾಫ್ ರೂಮಿಗೆ ಹೋಗಿ. ಒಪ್ಪದಿದ್ದರೆ ಎಚ್‌ಒಡಿ, ಆಮೇಲೆ ಪ್ರಿನ್ಸಿಪಾಲ್, ಅದಾದ ಮೇಲೆ ಮೇಲೆ ಹೇಳಿದ ಕುಂದುಕೊರತೆ ಸಮಿತಿ. ಇಂಟರ್ನಲ್ ಅಂಕ ವಿಶ್ವವಿದ್ಯಾಲಯಕ್ಕೆ ಅಪ್‌ಲೋಡ್ ಆಗುವ ಮುಂಚೆ ಮಾಡು. ಅಪ್‌ಲೋಡ್ ಆದ ಮೇಲೆ ಅದನ್ನು ತಿದ್ದಿಸುವುದು ಎಷ್ಟು ಟೇಬಲ್‌ನ ಕೆಲಸ ಅಂತ ನನ್ನ ಬಾಯಿಂದ ಹೇಳಿಸಬೇಡ.

2024ರಲ್ಲಿ ಹರಿಯಾಣದ ಒಂದು ಖಾಸಗಿ ವಿಶ್ವವಿದ್ಯಾಲಯದ ಕಾನೂನು ವಿದ್ಯಾರ್ಥಿ ಇಂಥದ್ದೇ ಕಾರಣಕ್ಕೆ ಫೇಲಾಗಿ ಪಂಜಾಬ್-ಹರಿಯಾಣ ಹೈಕೋರ್ಟಿಗೆ ಹೋದದ್ದು ಪತ್ರಿಕೆಗಳಲ್ಲಿ ಬಂದಿತ್ತು. ತೀರ್ಪಿನವರೆಗೆ ಹೋಗಲಿಲ್ಲ, ವಿಶ್ವವಿದ್ಯಾಲಯವೇ ಅವರನ್ನು ಪಾಸು ಮಾಡಿ ಮುಗಿಸಿತು. ಹಾಗಾಗಿ ಎಐ ರಿಪೋರ್ಟ್ ಒಂದೇ ಸಾಕೋ ಸಾಲದೋ ಅಂತ ಆ ಕೇಸಿನಿಂದ ಉತ್ತರ ಸಿಗಲಿಲ್ಲ. ಅದನ್ನು ತೋರಿಸಿ ಯಾರಾದರೂ "ಕೋರ್ಟ್ ಹೇಳಿದೆ" ಅಂದರೆ ನಂಬಬೇಡ.

ಪ್ರಶ್ನೆ: ಡಿಗ್ರಿ ಪರೀಕ್ಷೆಯಲ್ಲಿ ನನ್ನ ಮಗನ ಬೆಂಚಿನ ಕೆಳಗೆ ಚೀಟಿ ಸಿಕ್ಕಿತು ಅಂತ ಸ್ಕ್ವಾಡ್‌ನವರು ಪೇಪರ್ ಕಿತ್ತುಕೊಂಡು, ಏನೋ ಬರೆಸಿಕೊಂಡು ಸಹಿ ಹಾಕಿಸಿಕೊಂಡರು. ರಿಸಲ್ಟ್‌ನಲ್ಲಿ ಎಂ.ಪಿ.ಸಿ. (ಪರೀಕ್ಷಾ ಅಕ್ರಮದ ಕೇಸ್) ಅಂತ ಬಂದಿದೆ. ಈಗ ವಿಚಾರಣೆಗೆ ಬರಲು ಪತ್ರ ಬಂದಿದೆ. ಚೀಟಿ ತನ್ನದಲ್ಲ ಅಂತಾನೆ. ಹೋದರೆ ಒಪ್ಪಿಕೊಂಡ ಹಾಗೆ ಆಗುತ್ತದೆ, ಹೋಗಬೇಡ ಅಂತ ನೆಂಟರು ಹೇಳುತ್ತಾರೆ.
— ಒಬ್ಬ ತಾಯಿ, ದಾವಣಗೆರೆ

ಉತ್ತರ: ತಾಯಿ, ನೆಂಟರ ಮಾತು ಬಿಡಿ, ಖಂಡಿತ ಕಳಿಸಿ. ಮೇಲೆ ಬರೆದ ಹೊಳಲ್ಕೆರೆ ಕಡೆಯ ಹುಡುಗಿ ಬೇಡಿಕೊಳ್ಳುತ್ತಿರುವುದೇ ಈ ಪತ್ರವನ್ನು. ಉತ್ತರ ಪ್ರದೇಶದ ಇಂಟರ್ಮೀಡಿಯೇಟ್ ಮಂಡಳಿಯವರು ಮೂವರು ವಿದ್ಯಾರ್ಥಿಗಳ ಫಲಿತಾಂಶವನ್ನು ಅವರನ್ನು ಕೇಳದೆಯೇ ರದ್ದು ಮಾಡಿದ್ದರು. 1962ರಲ್ಲಿ ಸುಪ್ರೀಂ ಕೋರ್ಟ್ ಅದು ನಡೆಯುವುದಿಲ್ಲ, ಆರೋಪ ತಿಳಿಸಿ ಅವರ ಮಾತು ಕೇಳಲೇಬೇಕು ಅಂದಿತು. ವಿಶ್ವವಿದ್ಯಾಲಯಗಳು ಇವತ್ತು ಪತ್ರ ಕಳಿಸಿ ಕರೆಯುವುದು ಅಂಥ ತೀರ್ಪುಗಳಿಂದಲೇ. ಕರೆದರೂ ಬರಲಿಲ್ಲ ಅಂತಾದರೆ ಸಮಿತಿ ತನ್ನ ಮುಂದಿರುವ ಕಾಗದ ನೋಡಿ ತೀರ್ಮಾನ ಬರೆಯುತ್ತದೆ. ಆಮೇಲೆ ನಮ್ಮ ಮಾತು ಕೇಳಲಿಲ್ಲ ಅನ್ನುವ ದಾರಿ ಮುಚ್ಚಿತು.

ಹೋದಾಗ ಚೀಟಿ ತೋರಿಸಲು ಕೇಳಲಿ. ಅದು ಆ ದಿನದ ವಿಷಯದ್ದಾ, ಅದರಲ್ಲಿದ್ದದ್ದು ಉತ್ತರ ಪತ್ರಿಕೆಯಲ್ಲಿ ಬಂದಿದೆಯಾ, ಕೈಬರಹ ಯಾರದ್ದು, ಎಲ್ಲಿ ಬಿದ್ದಿತ್ತು ಅಂತ ಕೊಠಡಿ ಮೇಲ್ವಿಚಾರಕರು ಬರೆದಿದ್ದಾರಾ, ಈ ನಾಲ್ಕನ್ನೂ ಸಮಾಧಾನವಾಗಿ ಕೇಳಲಿ. ಅಂದು ಸಹಿ ಹಾಕಿದ ಹೇಳಿಕೆಯಲ್ಲಿ ಏನಿದೆ ಅಂತ ಮೊದಲು ಓದಿಕೊಳ್ಳಲಿ. "ಚೀಟಿ ನನ್ನ ಹತ್ತಿರ ಸಿಕ್ಕಿದೆ" ಅಂತ ಬರೆದು ಸಹಿ ಹಾಕಿದ್ದರೆ, ಯಾವ ಸ್ಥಿತಿಯಲ್ಲಿ ಹಾಕಿದ ಅಂತ ಇಲ್ಲೇ ಬರವಣಿಗೆಯಲ್ಲಿ ಕೊಡಬೇಕು. ಸಾಕ್ಷಿ ಹೇಳಲು ಅಂತ ಗೆಳೆಯರ ಗುಂಪು ಕರೆದುಕೊಂಡು ಹೋಗುವುದು ಬೇಡ. ಪಕ್ಕದ ಬೆಂಚಿನವನದ್ದೂ ಇವನದ್ದೂ ಒಂದೇ ತಪ್ಪು ಉತ್ತರ ಅಂತೇನಾದರೂ ಬಂದರೆ ಹುಷಾರು. ಅಕ್ಕಪಕ್ಕದವರ ಪತ್ರಿಕೆಯಲ್ಲಿ ತಪ್ಪುಗಳೂ ಒಂದೇ ಆಗಿದ್ದರೆ ಮಂಡಳಿಯ ತೀರ್ಮಾನವನ್ನು ಕೋರ್ಟ್ ಎತ್ತಿಹಿಡಿದ ಉದಾಹರಣೆಗಳಿವೆ.

ಹಿಂದಿನ ರಾತ್ರಿ ಅವನ ಪಕ್ಕ ಕೂತು ಒಂದು ಸಲ ನಿಧಾನವಾಗಿ ಕೇಳಿ, ಚೀಟಿ ಅವನದ್ದೇನಾ ಅಂತ. ಹೌದು ಅಂದರೆ ಸಮಿತಿ ಮುಂದೆ ಹೌದು ಅಂತಲೇ ಹೇಳಲಿ, ಇನ್ನೊಂದು ಸುಳ್ಳು ಕಟ್ಟುವುದು ಬೇಡ. ಹಾಲ್ ಟಿಕೆಟ್, ಗುರುತಿನ ಚೀಟಿ, ಬಂದ ಪತ್ರ ಮೂರನ್ನೂ ತೆಗೆದುಕೊಂಡು ಹೇಳಿದ ಸಮಯಕ್ಕಿಂತ ಮುಂಚೆ ಹೋಗಲಿ. ಒಳಗೆ ಅವನೇ ಮಾತಾಡಲಿ, ನೀವು ಹೊರಗಿನ ಬೆಂಚಿನ ಮೇಲೆ ಕೂತಿರಿ.